ಯಾರ ಮನೆಯದ್ದು?

(ಮಡಿಕೇರಿಯ ಸಾರ್ವಜನಿಕ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಸ್ವಾಗತ, ಪರಿಚಯ, ಹೂಗುಚ್ಛ ಎಲ್ಲ ಮುಗಿದು ನನ್ನ ಸರದಿ ಬರುವಷ್ಟರಲ್ಲಿ ಹೊರಗೆ ಮಳೆ ಹಿಡಿದಿದೆ. ನೀವು ಅರ್ಧದಲ್ಲಿ ಎದ್ದು ಹೋಗುವುದು ಕಷ್ಟ. ನನಗೆ ಅದು ಅನುಕೂಲವೇ.

ಆಮಂತ್ರಣ ಪತ್ರಿಕೆಯಲ್ಲಿ ‘ಕೈಯಿಂದ ಮಾಡಿದ ವಸ್ತುಗಳ ಅರ್ಥ ಮತ್ತು ಆಕರ್ಷಣೆ’ ಎಂದು ಅಚ್ಚು ಹಾಕಿಸಿದ್ದಾರೆ. ಅರ್ಥದ ಮಾತು ಆಮೇಲೆ ಆಡೋಣ. ಆಕರ್ಷಣೆಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ, ಈ ಸಭಾಂಗಣದಿಂದ ಹೊರಬಿದ್ದರೆ ರಸ್ತೆಯ ಎರಡೂ ಬದಿಗೆ ಅದರ ಫಲಕಗಳೇ ಇವೆ. ಹೋಂ ಮೇಡ್ ಚಾಕೊಲೇಟ್, ಹೋಂ ಮೇಡ್ ವೈನ್, ಹೋಂ ಮೇಡ್ ಉಪ್ಪಿನಕಾಯಿ. ಶನಿವಾರ, ಭಾನುವಾರ ಆ ಅಂಗಡಿಗಳ ಮುಂದೆ ಕಾಲಿಡಲು ಜಾಗ ಇರುವುದಿಲ್ಲ. ಈ ಚಾಕೊಲೇಟಿನಲ್ಲಿ ಬಹುಪಾಲು ಹೇಗೆ ತಯಾರಾಗುತ್ತದೆ ಎಂಬುದು ಊರಿನವರಿಗೆ ಗೊತ್ತಿರುವ ಸಂಗತಿ. ಕಾರ್ಖಾನೆಯಿಂದ ಬಂದ ಕಾಂಪೌಂಡ್ ಗಟ್ಟಿಯನ್ನು ಕರಗಿಸಿ, ಗೋಡಂಬಿಯನ್ನೋ ದ್ರಾಕ್ಷಿಯನ್ನೋ ಸೇರಿಸಿ, ಅಚ್ಚಿಗೆ ಹೊಯ್ದು, ಬಣ್ಣದ ಕಾಗದ ಸುತ್ತುತ್ತಾರೆ. ಅದರಲ್ಲಿ ಕೋಕೋ ಬೆಣ್ಣೆಯ ಜಾಗದಲ್ಲಿ ಬೇರೆ ಸಸ್ಯದ ಕೊಬ್ಬು ಇರುತ್ತದೆ. ಮಾಡುವವರನ್ನು ನಾನು ದೂರುತ್ತಿಲ್ಲ, ಅದರಲ್ಲೇ ಎಷ್ಟೋ ಮನೆಗಳ ಒಲೆ ಉರಿಯುತ್ತಿದೆ. ನನಗೆ ಕುತೂಹಲ ಇರುವುದು ‘ಹೋಂ ಮೇಡ್’ ಎಂಬ ಆ ಎರಡು ಪದಗಳ ಬಗ್ಗೆ. ಅದೇ ಚಾಕೊಲೇಟಿನ ಮೇಲೆ ‘ಕಾರ್ಖಾನೆಯ ಗಟ್ಟಿ, ಇಲ್ಲಿ ಕರಗಿಸಿದ್ದು’ ಎಂದು ಬರೆದರೆ ಯಾರೂ ತಿರುಗಿ ನೋಡುವುದಿಲ್ಲ. ಬೆಂಗಳೂರಿನಿಂದ ಅಷ್ಟು ದೂರ ಬಂದವರು ನಿಜಕ್ಕೂ ಕೊಳ್ಳುತ್ತಿರುವುದು ಏನನ್ನು?

ಊರಿನವರು ಏನನ್ನು ಕೊಳ್ಳುತ್ತಾರೆ, ಹೇಗೆ ಕೊಳ್ಳುತ್ತಾರೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಕಾಚಂಪುಳಿಯನ್ನೇ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಹಣ್ಣಾಗಿ ಉದುರುವ, ಉಪ್ಪಾಗೆ ಜಾತಿಯ ಹುಳಿಹಣ್ಣನ್ನು ಆರಿಸಿ ತಂದು ಬುಟ್ಟಿಯಲ್ಲಿ ರಾಶಿ ಹಾಕುತ್ತಾರೆ. ಹಣ್ಣು ಕಳಿತು ತಾನಾಗಿಯೇ ರಸ ಬಿಡುತ್ತದೆ, ಕೆಳಗಿಟ್ಟ ಪಾತ್ರೆಗೆ ದಿನಗಟ್ಟಲೆ ತೊಟ್ಟಿಕ್ಕುತ್ತದೆ. ಆ ತೆಳು ರಸವನ್ನು ಒಲೆಯ ಮೇಲಿಟ್ಟು ಕುದಿಸಿ ಕುದಿಸಿ ಬತ್ತಿಸಿದರೆ ಕೊನೆಗೆ ಉಳಿಯುವುದು ಕಪ್ಪಗಿನ, ಮಂದವಾದ, ವರ್ಷಗಟ್ಟಲೆ ಕೆಡದ ಹುಳಿ. ಒಂದು ಪಾತ್ರೆ ಹಂದಿಮಾಂಸದ ಪಂದಿಕರಿಗೆ ಚಮಚದ ಲೆಕ್ಕದಲ್ಲಿ ಸಾಕು. ಬೇಗ ಇಳಿಸಿಬಿಟ್ಟರೆ ಬಾಟಲಿಯಲ್ಲಿ ನೋಡಿದಾಗ ವ್ಯತ್ಯಾಸ ಗೊತ್ತಾಗುವುದಿಲ್ಲ, ಅಡುಗೆಯಲ್ಲಿ ಗೊತ್ತಾಗುತ್ತದೆ. ಆದ್ದರಿಂದ ನಮ್ಮಲ್ಲಿ ಯಾರಾದರೂ ಕಾಚಂಪುಳಿ ತಂದುಕೊಟ್ಟರೆ ಮುಚ್ಚಳ ತೆಗೆಯುವ ಮೊದಲೇ ಒಂದು ಪ್ರಶ್ನೆ ಬರುತ್ತದೆ: ಯಾರ ಮನೆಯದ್ದು? ಜೇನಿಗೂ ಇದೇ ಪ್ರಶ್ನೆ, ಮನೆಯಲ್ಲಿ ಮಾಡಿದ ವೈನಿಗೂ ಇದೇ ಪ್ರಶ್ನೆ.

ನನ್ನ ಇವತ್ತಿನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ. ‘ಮನೆಯಲ್ಲಿ ಮಾಡಿದ್ದು’ ಎಂಬ ಫಲಕ ಮನೆಯ ಹೆಸರು ಹೇಳುವುದಿಲ್ಲ. ‘ಯಾರ ಮನೆಯದ್ದು’ ಎಂದು ಕೇಳುವವರಿಗೆ ಮನೆಯ ಹೆಸರೇ ಬೇಕು. ಕಾಚಂಪುಳಿ ತೆಳುವಾಗಿದ್ದರೆ ಯಾರನ್ನು ಕೇಳಬೇಕು ಎಂಬುದು ಅವರಿಗೆ ಗೊತ್ತು. ಕೇಳುತ್ತಾರೆ ಎಂಬುದು ಮಾಡಿದವರಿಗೂ ಗೊತ್ತು. ಕೈಯಿಂದ ಮಾಡಿದ ವಸ್ತುವಿನ ಅರ್ಥ ಇಲ್ಲಿದೆ ಎಂದು ನಾನು ನಂಬುತ್ತೇನೆ. ಅದಕ್ಕೆ ಹೊಣೆ ಹೊರುವ ಒಬ್ಬ ಮನುಷ್ಯ ಇರುತ್ತಾನೆ, ಅವನ ಮನೆ ಎಲ್ಲಿ ಎಂದು ನಮಗೆ ತಿಳಿದಿರುತ್ತದೆ.

ಎಲ್ಲರೂ ಇದನ್ನು ಒಪ್ಪುವುದಿಲ್ಲ. 2015ರಲ್ಲಿ ಮಾರುಕಟ್ಟೆ ಶಾಸ್ತ್ರದ ಮೂವರು ಸಂಶೋಧಕರು ಇದನ್ನೇ ಪರೀಕ್ಷೆಗೆ ಒಡ್ಡಿದ್ದರು. ಒಂದೇ ಬಗೆಯ ವಸ್ತುವನ್ನು ‘ಕೈಯಿಂದ ಮಾಡಿದ್ದು’ ಎಂದು ಹೇಳಿ ಕೆಲವರಿಗೆ, ‘ಯಂತ್ರದಲ್ಲಿ ಮಾಡಿದ್ದು’ ಎಂದು ಹೇಳಿ ಇನ್ನು ಕೆಲವರಿಗೆ ತೋರಿಸಿದರು. ಕೈಯಿಂದ ಮಾಡಿದ್ದು ಎಂದು ಕೇಳಿದವರಿಗೆ ಅದು ಹೆಚ್ಚು ಇಷ್ಟವಾಯಿತು. ಪ್ರೀತಿಪಾತ್ರರಿಗೆ ಉಡುಗೊರೆ ಕೊಡುವಾಗ ಆ ಒಲವು ಇನ್ನೂ ಹೆಚ್ಚಿತು. ಕಾರಣ ಹುಡುಕಿದಾಗ ಅವರು ತಲುಪಿದ್ದು ಇಲ್ಲಿಗೆ: ಮಾಡಿದವರ ಪ್ರೀತಿ ಆ ವಸ್ತುವಿನೊಳಗೆ ಸೇರಿಕೊಂಡಿದೆ ಎಂದು ಜನ ಭಾವಿಸುತ್ತಾರೆ.

ಜನ ಹಾಗೆ ಭಾವಿಸುತ್ತಾರೆ ಎಂಬುದು ನಿಜವೇ ಇರಬಹುದು. ಆದರೆ ನಮ್ಮ ಊರಿನ ಬಡಗಿ ನನ್ನನ್ನು ಪ್ರೀತಿಸುತ್ತಾನೆ ಎಂದು ನನಗೆ ಎಂದೂ ಅನಿಸಿಲ್ಲ. ಅವನು ನನ್ನನ್ನು ಬೈಯುತ್ತಾನೆ. ಹಸಿ ಹಲಸಿನ ಹಲಗೆ ತಂದು ಬಾಗಿಲು ಮಾಡು ಎಂದರೆ ಮಾಡುವುದಿಲ್ಲ. ‘ಆರು ತಿಂಗಳು ಒಣಗಲಿ, ಆಮೇಲೆ ಬನ್ನಿ’ ಎಂದು ತಿರುಗಿ ಕಳಿಸುತ್ತಾನೆ. ಅವನ ಚಿಂತೆ ನನ್ನದಲ್ಲ, ಬಾಗಿಲಿನದು. ಮಳೆಗಾಲದಲ್ಲಿ ಆ ಬಾಗಿಲು ಉಬ್ಬಿ ಚೌಕಟ್ಟಿಗೆ ಸಿಕ್ಕಿಹಾಕಿಕೊಂಡರೆ ಊರೆಲ್ಲ ‘ಇದು ಯಾರ ಕೆಲಸ’ ಎಂದು ಕೇಳುತ್ತದೆ. ಪ್ರೀತಿಗಿಂತ ಈ ಭಯವೇ ನನಗೆ ಹೆಚ್ಚು ಭರವಸೆ ಕೊಡುತ್ತದೆ.

ಹಾಗಾದರೆ ಕೈಗೆ ವಿಶೇಷವೇ ಇಲ್ಲವೇ? ಇದೆ. ಅದನ್ನು ಚೆನ್ನಾಗಿ ವಿಂಗಡಿಸಿ ಹೇಳಿದವರು ಡೇವಿಡ್ ಪೈ. ಸ್ವತಃ ಮರ ಕಡೆಯುತ್ತಿದ್ದವರು, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಪೀಠೋಪಕರಣ ವಿನ್ಯಾಸದ ಪ್ರಾಧ್ಯಾಪಕರಾಗಿದ್ದವರು. ಕೈ ಮತ್ತು ಯಂತ್ರ ಎಂದು ಗೆರೆ ಎಳೆಯುವುದರಲ್ಲಿ ಹುರುಳಿಲ್ಲ ಎಂದು ಅವರು 1968ರಲ್ಲಿ ವಾದಿಸಿದರು. ಉಳಿಯೂ ಒಂದು ಸಲಕರಣೆ, ಚರಕವೂ ಒಂದು ಯಂತ್ರ. ನಿಜವಾದ ಗೆರೆ ಬೇರೆ ಕಡೆ ಇದೆ. ಒಂದು ಬಗೆಯ ಕೆಲಸದಲ್ಲಿ ಫಲಿತಾಂಶ ಮೊದಲೇ ಗೊತ್ತಾಗಿಬಿಟ್ಟಿರುತ್ತದೆ, ಗುಂಡಿ ಒತ್ತಿದ ಮೇಲೆ ಕೆಡುವಂತಿಲ್ಲ. ಇನ್ನೊಂದು ಬಗೆಯಲ್ಲಿ ಕೆಲಸ ಮುಗಿಯುವ ಕೊನೆಯ ಗಳಿಗೆಯವರೆಗೂ ಕೆಡುವ ಸಾಧ್ಯತೆ ಇದ್ದೇ ಇರುತ್ತದೆ, ಕಾಪಾಡುವುದು ಮಾಡುವವನ ಎಚ್ಚರ ಮತ್ತು ಪಳಗಿದ ಕೈ ಮಾತ್ರ. ಲೇಖನಿಯಲ್ಲಿ ಬರೆಯುವುದು ಎರಡನೆಯ ಬಗೆ, ಅಚ್ಚಿನ ಯಂತ್ರದಲ್ಲಿ ಮುದ್ರಿಸುವುದು ಮೊದಲನೆಯ ಬಗೆ. ನಾವು ಕೈಕೆಲಸ ಎನ್ನುವುದು ಬಹುಪಾಲು ಎರಡನೆಯದನ್ನು.

ಇದನ್ನು ಓದಿದಾಗ ನನಗೆ ನೆನಪಾದದ್ದು ಕತ್ತಿ. ಕೊಡಗಿನಲ್ಲಿ ಕೂತು ಕತ್ತಿಯ ಮಾತಿಲ್ಲದೆ ಉಪನ್ಯಾಸ ಮುಗಿಸಿದರೆ ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದಿನ ದಿನ ನನಗೆ ಊಟ ಹಾಕುವುದಿಲ್ಲ.

ಪೀಚೆಕತ್ತಿ ನಿಮಗೆಲ್ಲ ಗೊತ್ತು. ಕುಪ್ಯವೆಂಬ ನಿಲುವಂಗಿಯ ಮೇಲೆ ಚೇಲೆ ಎಂಬ ಸೊಂಟಪಟ್ಟಿ ಬಿಗಿದು, ಅದರಲ್ಲಿ ಸಿಕ್ಕಿಸುವ, ಬೆಳ್ಳಿಯ ಕುಸುರಿ ಇರುವ ಸಣ್ಣ ಕತ್ತಿ. ಇವತ್ತು ಅದು ಆಭರಣ. ಪ್ರವಾಸಿಗರ ಅಂಗಡಿಯಲ್ಲಿ ಅದರ ನಕಲುಗಳು ಪೆಟ್ಟಿಗೆಯಲ್ಲಿ ಸಿಗುತ್ತವೆ, ಬಾಳೆಹಣ್ಣು ಕೊಯ್ಯುವುದಕ್ಕೂ ಬಾರದಂಥವು. ಅಗಲ ಅಲಗಿನ ಒಡಿಕತ್ತಿಯ ಪಾಡು ಹಾಗಲ್ಲ, ಅದಕ್ಕೆ ಈಗಲೂ ಪರೀಕ್ಷೆ ಇದೆ. ಮದುವೆಯಲ್ಲಿ ನೆಟ್ಟ ಬಾಳೆ ದಿಂಡುಗಳನ್ನು ಕಡಿಯಬೇಕು, ಒಂದೊಂದಕ್ಕೆ ಒಂದೇ ಏಟು. ನೆಂಟರು, ವಾಲಗದವರು, ಫೋಟೋದವರು ಎಲ್ಲರ ಕಣ್ಣೂ ಅಲ್ಲೇ ಇರುವಾಗ ಅಲಗು ಅರ್ಧಕ್ಕೆ ನಿಂತರೆ ಕಡಿದವನ ಮಾನದ ಜೊತೆಗೆ ಕತ್ತಿ ಬಡಿದವನ ಮಾನವೂ ಹೋಗುತ್ತದೆ.

ಕತ್ತಿ ಬಡಿಯುವ ಕಮ್ಮಾರರ ಕೊಟ್ಟಿಗೆಯೊಳಗೆ ಬೆಳಕು ಕಡಿಮೆ. ಕಿಟಕಿ ಇಡಲು ಹಣವಿಲ್ಲವೆಂದು ಹಾಗೆ ಕಟ್ಟಿದ್ದಲ್ಲ. ಕಾದ ಉಕ್ಕಿನ ಬಣ್ಣ ಬಿಸಿಲಿನಲ್ಲಿ ಕಾಣಿಸುವುದಿಲ್ಲ, ಬಣ್ಣ ಕಾಣಿಸದಿದ್ದರೆ ಬಿಸಿ ಎಷ್ಟು ಎಂದು ತಿಳಿಯುವುದಿಲ್ಲ. ಈಗ ಹಲವರು ಲಾರಿಯ ಹಳೆಯ ಕಮಾನು ಪಟ್ಟಿಯನ್ನೇ ಬಡಿದು ಕತ್ತಿ ಮಾಡುತ್ತಾರೆ. ಒಳ್ಳೆಯ ಉಕ್ಕು ಅದು, ಮುರಿದ ಲಾರಿಗಳಿಗೆ ಬರವೂ ಇಲ್ಲ. ಬಡಿದು ಆಕಾರ ಬಂದ ಮೇಲೆ ಅಲಗನ್ನು ಕೆಂಪಗೆ ಕಾಯಿಸಿ ನೀರಿಗೋ ಎಣ್ಣೆಗೋ ಅದ್ದಬೇಕು. ಆಗ ಉಕ್ಕು ಗಡುಸಾಗುತ್ತದೆ, ಎಷ್ಟೆಂದರೆ ಕಲ್ಲಿಗೆ ತಾಗಿದರೆ ಗಾಜಿನಂತೆ ಚಕ್ಕೆ ಏಳುವಷ್ಟು. ಆದ್ದರಿಂದ ಮತ್ತೆ ಸ್ವಲ್ಪ ಕಾಯಿಸಿ ಆ ಗಡಸನ್ನು ಇಳಿಸಬೇಕು, ಹದ ಹಾಕುವುದು ಎಂದರೆ ಅದು. ಉಜ್ಜಿ ಬೆಳ್ಳಗೆ ಮಾಡಿದ ಅಲಗಿನ ಮೇಲೆ, ಬಿಸಿ ಏರುತ್ತಿದ್ದಂತೆ, ತೆಳ್ಳನೆಯ ಬಣ್ಣಗಳು ಒಂದರ ಹಿಂದೆ ಒಂದು ಹರಿಯುತ್ತವೆ. ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, ಆಮೇಲೆ ನೀಲಿ. ಹಳದಿ ಸುಮಾರು 220 ಡಿಗ್ರಿ ಸೆಲ್ಸಿಯಸ್, ನೀಲಿ ಸುಮಾರು 300. ಕ್ಷೌರದ ಕತ್ತಿಗೆ ಹಳದಿಯಲ್ಲಿ ನಿಲ್ಲಿಸಬೇಕು. ಪೆಟ್ಟು ತಿನ್ನುವ ಕಾಡುಗತ್ತಿಗೆ ಇನ್ನೂ ಮುಂದೆ ಹೋಗಬೇಕು. ಕಂದು ನೇರಳೆಯಾಗುವುದಕ್ಕೆ ಹೆಚ್ಚು ಹೊತ್ತು ಬೇಕಾಗಿಲ್ಲ. ಆ ಕ್ಷಣದಲ್ಲಿ ಯಾರಾದರೂ ಕೂಗಿ ಕರೆದರೂ ಕಮ್ಮಾರ ತಿರುಗಿ ನೋಡುವುದಿಲ್ಲ. ಡೇವಿಡ್ ಪೈ ಹೇಳಿದ ಕೊನೆಯ ಗಳಿಗೆಯ ಅಪಾಯ ಎಂದರೆ ಇದೇ. ದಿನವಿಡೀ ಬಡಿದ ಕತ್ತಿ ಒಂದು ಬಣ್ಣದ ಅಂತರದಲ್ಲಿ ಹಾಳಾಗಬಹುದು.

ಕೈಲ್‌ಪೊಳ್ದಿನಲ್ಲಿ ಆಯುಧಗಳಿಗೆ ತೋಕ್ ಪೂ ಎಂಬ ಕಾಡುಹೂ ಸಿಕ್ಕಿಸಿ ಪೂಜೆ ಮಾಡುತ್ತೇವೆ. ಕುಲುಮೆಯ ಕೆಲಸವನ್ನು ಹತ್ತಿರದಿಂದ ನೋಡಿದ ಮೇಲೆ ಆ ಪೂಜೆ ನನಗೆ ಹೆಚ್ಚು ಅರ್ಥವಾಯಿತು.

ಈಗ ಗೊರಬಿನ ಮಾತು. ಗೊರಬು ಎಂದೋ ಗೊರಬೆ ಎಂದೋ ಊರಿಗೊಂದು ಹೆಸರು. ಇಲ್ಲಿ ಕುಳಿತಿರುವ ಕಾಲೇಜು ಮಕ್ಕಳಲ್ಲಿ ಅದನ್ನು ತೊಟ್ಟವರು ಯಾರೂ ಇರಲಾರರು, ಹೋಂಸ್ಟೇಯ ಗೋಡೆಯಲ್ಲಿ ನೇತುಹಾಕಿದ್ದನ್ನು ನೋಡಿರಬಹುದು. ಬಿದಿರಿನ ಎರಡು ಜಾಳಿಗೆಗಳ ನಡುವೆ ಎಲೆಗಳನ್ನು ಒತ್ತೊತ್ತಾಗಿ ಹರಡಿ ಬಿಗಿದು ಮಾಡಿದ ಮಳೆಯ ಹೊದಿಕೆ. ನೆಟ್ಟಗೆ ನಿಂತು ತೊಟ್ಟರೆ ಅದು ವಿಚಿತ್ರವಾಗಿ ಕಾಣುತ್ತದೆ, ಹಿಂದಕ್ಕೆ ವಾಲುತ್ತದೆ. ಏಕೆಂದರೆ ಅದು ನೆಟ್ಟಗೆ ನಿಂತವರಿಗಾಗಿ ಮಾಡಿದ್ದಲ್ಲ. ಸೊಂಟ ಬಗ್ಗಿಸಿ, ಮುಂಗಾರಿನ ಜಡಿಮಳೆಯಲ್ಲಿ, ಕೆಸರು ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸಿನ ತಲೆಯಿಂದ ಸೊಂಟದ ಕೆಳಗಿನವರೆಗೆ ಅದು ಸರಿಯಾಗಿ ಕೂರುತ್ತದೆ. ಎರಡೂ ಕೈ ಖಾಲಿ ಇರುತ್ತವೆ, ಪಕ್ಕದಿಂದ ಗಾಳಿ ಆಡುತ್ತದೆ. ಕೊಡೆ ಹಿಡಿದು ನಾಟಿ ಮಾಡಲಾಗುವುದಿಲ್ಲ. ಪ್ಲಾಸ್ಟಿಕ್ ಹೊದ್ದರೆ ಒಳಗೆಲ್ಲ ಬೆವರು. ಅದನ್ನು ಹೆಣೆದವನು ನಾಟಿಯ ಗದ್ದೆಯ ಬದುವಿನ ಮೇಲೆ ನಿಂತು ಬೆನ್ನು ಎಷ್ಟು ಬಾಗುತ್ತದೆ ಎಂದು ನೋಡಿದವನು, ಅವನ ಮನೆಯವಳೂ ಅದೇ ಗದ್ದೆಯಲ್ಲಿ ಇದ್ದಿರಬೇಕು. ಇಡೀ ದೇಶಕ್ಕೆ ಒಂದೇ ಅಳತೆಯ ಮಳೆಯಂಗಿ ಹೊಲಿಯುವ ಕಾರ್ಖಾನೆಗೆ ಈ ಬೆನ್ನು ಕಾಣಿಸುವುದಿಲ್ಲ. ಆದರೂ ಗೊರಬು ಹೋಯಿತು, ಪ್ಲಾಸ್ಟಿಕ್ ಉಳಿಯಿತು. ಪ್ಲಾಸ್ಟಿಕ್ ಅಗ್ಗ, ಹಗುರ, ಮಡಚಿ ಸಂಚಿಯಲ್ಲಿ ಇಡಬಹುದು. ಗೊರಬು ಹೆಣೆಯುವವರಿಗೆ ಬಿದಿರು ಸಿಗಲಿಲ್ಲ, ನಾಟಿಯ ಗದ್ದೆಗಳೇ ಕಡಿಮೆಯಾದವು. ಹಾಗಾಗಿ ನಾವೆಲ್ಲ ಪ್ಲಾಸ್ಟಿಕ್‌ಗೆ ಮರುಳಾದೆವು ಎಂದು ಹೇಳಿ ಕೈ ತೊಳೆದುಕೊಳ್ಳುವುದು ಸರಿಯಲ್ಲ.

ಬಿದಿರಿನ ಕಥೆ ಸ್ವಲ್ಪ ಉದ್ದ, ಆದರೂ ಹೇಳುತ್ತೇನೆ. ಹೆಬ್ಬಿದಿರು ನಲವತ್ತು ಐವತ್ತು ವರ್ಷಕ್ಕೊಮ್ಮೆ ಹೂ ಬಿಟ್ಟು ಮೆಳೆಗೆ ಮೆಳೆಯೇ ಸಾಯುತ್ತದೆ. ನಾಗರಹೊಳೆಯ ಕಡೆ 2010ರ ಆಸುಪಾಸಿನಲ್ಲಿ ಹಾಗೆ ಹೂ ಬಂದು ಕಾಡಿನಲ್ಲಿ ಬಿದಿರು ಒಣಗಿ ನಿಂತಿದ್ದನ್ನು ಇಲ್ಲಿ ಹಲವರು ನೋಡಿದ್ದೀರಿ. ಬೀಜ ಬಿದ್ದು ಮತ್ತೆ ಹುಟ್ಟಿತು ಸರಿ, ಆದರೆ ಬುಟ್ಟಿಗೆ ಬರುವಷ್ಟು ಬೆಳೆಯಲು ವರ್ಷಗಳೇ ಬೇಕು. ಅಷ್ಟು ವರ್ಷ ಮೇದರು ಏನು ಮಾಡಬೇಕಿತ್ತು? 1988ರಲ್ಲಿ ನಾಗರಹೊಳೆ ರಾಷ್ಟ್ರೀಯ ಉದ್ಯಾನವಾದ ಮೇಲೆ ಅಲ್ಲಿಂದ ಬಿದಿರು ತರುವ ಮಾತು ಹೇಗೂ ಇರಲಿಲ್ಲ. ಖಾಸಗಿ ಜಮೀನಿನಲ್ಲಿ ಬೆಳೆದ ಬಿದಿರನ್ನು ಕಾನೂನು ‘ಮರ’ ಎಂದು ಕರೆಯುತ್ತಿತ್ತು, ಕಡಿದು ಸಾಗಿಸಲು ಪರವಾನಗಿ ಬೇಕಾಗುತ್ತಿತ್ತು. 2017ರಲ್ಲಿ ಭಾರತೀಯ ಅರಣ್ಯ ಕಾಯ್ದೆಗೆ ತಿದ್ದುಪಡಿ ತಂದು, ಕಾಡಿನ ಹೊರಗಿನ ಬಿದಿರನ್ನು ಮರಗಳ ಪಟ್ಟಿಯಿಂದ ಕೈಬಿಟ್ಟರು. ಸಸ್ಯಶಾಸ್ತ್ರಜ್ಞರು ಅದನ್ನು ಹುಲ್ಲು ಎನ್ನುತ್ತಲೇ ಬಂದಿದ್ದರು, ದನಗಳಿಗೂ ಅದು ಹುಲ್ಲೆಂದೇ ಗೊತ್ತಿತ್ತು. ಕಾನೂನಿಗೆ ತಿಳಿಯಲು ತೊಂಬತ್ತು ವರ್ಷ ಬೇಕಾಯಿತು.

ಮೇದರ ಕೆಲಸದಲ್ಲಿ ನನಗೆ ಬಹಳ ಮೆಚ್ಚುಗೆಯಾಗುವುದು ಹೆಣೆಯುವುದಕ್ಕಿಂತ ಸೀಳುವುದು. ಎಳೆ ಬಿದಿರಿನಲ್ಲಿ ಮಾಡಿದರೆ ಕುಟ್ಟೆ ಹಿಡಿಯುತ್ತದೆ, ಹಾಗಾಗಿ ಮೂರು ವರ್ಷದ ಗಳುವನ್ನು ಆರಿಸುತ್ತಾರೆ. ಕತ್ತಿಯನ್ನು ತುದಿಯಲ್ಲಿ ಕೂರಿಸಿ ಒಂದು ಏಟು ಕೊಟ್ಟು, ಆಮೇಲೆ ಕೈಯಲ್ಲೇ ಬಿಡಿಸುತ್ತಾ ಹೋಗುತ್ತಾರೆ. ಗಿಣ್ಣು ಬಂದಲ್ಲಿ ಸೀಳು ಒಂದು ಪಕ್ಕಕ್ಕೆ ಓಡುತ್ತದೆ, ಒಂದು ಪಟ್ಟಿ ತೆಳುವಾಗಿ ಇನ್ನೊಂದು ದಪ್ಪವಾಗತೊಡಗುತ್ತದೆ. ಅಭ್ಯಾಸವಿಲ್ಲದವರು ತೆಳುವಾದ ಕಡೆಯನ್ನು ಎಳೆದು ಕಿತ್ತುಬಿಡುತ್ತಾರೆ. ಗೊತ್ತಿರುವವರು ದಪ್ಪ ಕಡೆಯನ್ನು ಬಗ್ಗಿಸಿ ಎಳೆಯುತ್ತಾರೆ, ಸೀಳು ತಾನಾಗಿ ಮಧ್ಯಕ್ಕೆ ಮರಳುತ್ತದೆ. ಇದನ್ನು ನಾನು ಒಂದು ವಾಕ್ಯದಲ್ಲಿ ಹೇಳಿದೆ. ಕೈಗೆ ಅದು ಬರಬೇಕಾದರೆ ನೂರಾರು ಗಳು ಹಾಳಾಗಬೇಕು. ಹೊರಮೈಯ ಸಿಪ್ಪೆಯ ಪಟ್ಟಿ ಗಟ್ಟಿ, ಅದು ಭಾರ ಹೊರುವ ಕಡೆಗೆ. ಒಳಗಿನ ತಿರುಳಿನ ಪಟ್ಟಿ ಮೆದು, ಅದು ತುಂಬುವ ಕಡೆಗೆ. ಮೊರಕ್ಕೆ ಇನ್ನೂ ತೆಳುವಾಗಿ ಕೆತ್ತಬೇಕು. ದಿನವೂ ಹತ್ತಾರು ಸಲ ಎತ್ತಿ ಕೇರುವ ಮೊರ ಭಾರವಾದರೆ ಮಣಿಕಟ್ಟು ಹೇಳುತ್ತದೆ.

ಇಲ್ಲಿ ಒಂದು ಅಹಿತಕರ ಮಾತನ್ನೂ ಆಡಬೇಕು. ಈ ತರಹದ ಸಭೆಗಳಲ್ಲಿ ಕೈಕೆಲಸವನ್ನು ಹೊಗಳುವವರು ಸಾಮಾನ್ಯವಾಗಿ ಕೈಕೆಲಸ ಮಾಡದವರು, ನಾನೂ ಆ ಪಂಕ್ತಿಯವನೇ. ಮೇದರ ಬುಟ್ಟಿ, ಮೊರ, ಭತ್ತದ ಪತ್ತಾಯ ಇಲ್ಲದೆ ಕೊಡಗಿನ ಯಾವ ಮನೆಯ ಸುಗ್ಗಿಯೂ ನಡೆಯುತ್ತಿರಲಿಲ್ಲ. ಅವರ ವಾದ್ಯವಿಲ್ಲದೆ ಹಬ್ಬವೂ ಆಗುತ್ತಿರಲಿಲ್ಲ. ಕಮ್ಮಾರರೂ ಬಡಗಿಗಳೂ ಆದ ಐರಿಗಳ ಕುಲುಮೆ, ಉಳಿ ಇಲ್ಲದೆ ನೇಗಿಲೂ ಇಲ್ಲ, ಕುಟುಂಬದ ಮೂಲಮನೆಯಾದ ಐನ್‌ಮನೆಯ ಕಂಬವೂ ಇಲ್ಲ. ಆದರೆ ಮೊರ ಅಡುಗೆಮನೆಯವರೆಗೆ ಬಂತು, ಮೊರ ಹೆಣೆದವನು ಅಂಗಳದಲ್ಲೇ ನಿಂತ. ‘ಮಾಡಿದವರು ಯಾರು ಎಂದು ಊರಿಗೆಲ್ಲ ಗೊತ್ತಿತ್ತು’ ಎಂದು ನಾನು ಇಷ್ಟು ಹೊತ್ತು ಹೆಮ್ಮೆಯಿಂದ ಹೇಳಿದೆನಲ್ಲ, ಹಾಗೆ ಗೊತ್ತಿದ್ದುದರಿಂದಲೇ ಅವರನ್ನು ಎಲ್ಲಿ ನಿಲ್ಲಿಸಬೇಕು ಎಂಬುದೂ ಊರಿಗೆ ಗೊತ್ತಿತ್ತು. ಆ ಮಕ್ಕಳು ಬಿದಿರು ಬಿಟ್ಟು ಬಸ್ ಹತ್ತಿ ಮೈಸೂರಿಗೆ ಹೋದದ್ದು ಬರೀ ಹಣಕ್ಕಾಗಿ ಎಂದು ನನಗೆ ಅನಿಸುವುದಿಲ್ಲ. ನಗರದಲ್ಲಿ ಅವರನ್ನು ‘ಯಾರ ಮನೆಯವನು’ ಎಂದು ಕೇಳುವವರು ಕಡಿಮೆ.

ಹನ್ನೆರಡನೆಯ ಶತಮಾನದ ಶರಣರು ಇದನ್ನು ಕಂಡಿದ್ದರು. ಬುಟ್ಟಿ ಹೆಣೆಯುತ್ತಿದ್ದ ಮೇದರ ಕೇತಯ್ಯ, ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯ, ಅವರಿಗೂ ಮೊದಲಿನವನಾದ, ನೇಯುತ್ತಿದ್ದ ಜೇಡರ ದಾಸಿಮಯ್ಯ, ಇವರ ಹೆಸರಿನ ಮುಂದೆ ಕಸುಬು ಕಿರೀಟವಾಗಿ ನಿಂತಿದೆ. ಚಂದಯ್ಯನ ಕಥೆ ನನಗೆ ಬಹಳ ಇಷ್ಟ. ಹಗ್ಗಕ್ಕೆ ಹುಲ್ಲು ಕೊಯ್ಯುವಾಗ ಕೊರಳ ಲಿಂಗ ಕಳಚಿ ನೀರಿಗೆ ಬಿತ್ತು, ಚಂದಯ್ಯ ಕೆಲಸ ನಿಲ್ಲಿಸಲಿಲ್ಲ, ಕೊನೆಗೆ ಲಿಂಗವೇ ಅವನ ಬೆನ್ನು ಹತ್ತಿ ಬಂತು ಎನ್ನುತ್ತದೆ ಕಥೆ. ನಾವು ಈ ಕಥೆಯನ್ನು ವೇದಿಕೆಯ ಮೇಲೆ ಹೇಳುತ್ತೇವೆ. ಕೆಳಗಿಳಿದು ಶುಕ್ರವಾರದ ಸಂತೆಯಲ್ಲಿ ಬುಟ್ಟಿಗೆ ಇಪ್ಪತ್ತು ರೂಪಾಯಿ ಚೌಕಾಸಿ ಮಾಡುತ್ತೇವೆ. ಆ ಪಕ್ಕದ ಹೋಟೆಲಿನಲ್ಲಿ ಬಿಲ್ಲನ್ನು ಯಾರೂ ಚೌಕಾಸಿ ಮಾಡುವುದಿಲ್ಲ.

ಬೆಲೆಯ ಲೆಕ್ಕ ಅಷ್ಟೇನೂ ಕಷ್ಟದ್ದಲ್ಲ. ಬಿದಿರು ಹೊತ್ತು ತರುವುದರಿಂದ ಹಿಡಿದು ಅಂಚು ಕಟ್ಟುವವರೆಗೆ ಒಂದು ದಿನ ಹಿಡಿಯುವ ಬುಟ್ಟಿಯ ಬೆಲೆ, ಕಾಫಿ ತೋಟದ ಒಂದು ದಿನದ ಕೂಲಿಗಿಂತ ಕಡಿಮೆ ಇದ್ದರೆ ಆ ಬುಟ್ಟಿ ಇನ್ನೊಂದು ತಲೆಮಾರಿಗೆ ಸಿಗುವುದಿಲ್ಲ. ಹಿಂದೆ ಸುಗ್ಗಿಯಲ್ಲಿ ಇಷ್ಟು ಭತ್ತ ಎಂದು ಪಾಲು ಇರುತ್ತಿತ್ತು. ಅದು ನ್ಯಾಯವಾಗಿತ್ತು ಎಂದು ನಾನು ಹೇಳಲಾರೆ, ಆದರೆ ಹೊಟ್ಟೆಗೆ ಇತ್ತು.

ಇನ್ನೊಂದು ಮಾತು. ಕೈಯಿಂದ ಮಾಡಿದ್ದೆಲ್ಲ ಶ್ರೇಷ್ಠ ಎಂಬ ಭಕ್ತಿಯೂ ನನಗಿಲ್ಲ. ಅಕ್ಕಿ ಗಿರಣಿ ಬಂದ ದಿನ ಒನಕೆ ಬಿಟ್ಟದ್ದಕ್ಕೆ ಯಾವ ಹೆಂಗಸೂ ಕಣ್ಣೀರು ಹಾಕಿರಲಾರಳು. ಹೊಲಿಗೆಯ ಸೂಜಿ, ಇಂಜೆಕ್ಷನ್, ಬಲ್ಬು ಇವೆಲ್ಲ ಕಾರ್ಖಾನೆಯಿಂದಲೇ ಬರಲಿ. ಒಂದರಂತೆ ಒಂದು ಇರುವುದೇ ಅವುಗಳ ಗುಣ. ಕೈಯಿಂದ ಮಾಡಿದ ಕೆಟ್ಟ ಕುರ್ಚಿಯಲ್ಲಿ ಕೂತವರಿಗೆ ಕೈಕೆಲಸದ ಸೊಬಗು ಹೇಳಿ ಪ್ರಯೋಜನವಿಲ್ಲ. ‘ಸ್ವಲ್ಪ ಸೊಟ್ಟ ಇರುವುದೇ ಚೆಂದ, ಕೈಯಿಂದ ಮಾಡಿದ್ದಲ್ಲವೇ’ ಎಂದು ಈಗ ಕೆಲವರು ಹೇಳುತ್ತಾರೆ. ಒಳ್ಳೆಯ ಕುಶಲಕರ್ಮಿ ಇದನ್ನು ಕೇಳಿಸಿಕೊಂಡರೆ ಬೇಸರ ಪಡುತ್ತಾನೆ. ಅವನು ಜೀವಮಾನವೆಲ್ಲ ಸೊಟ್ಟ ಬಾರದಂತೆ ನೋಡಿಕೊಂಡವನು.

ದುರಸ್ತಿಯ ಮಾತು ಬೇರೆ. ಅಲ್ಲಿ ಕೈಕೆಲಸವನ್ನು ಮೀರಿಸುವುದು ಕಷ್ಟ. ಜೋಮಾಲೆ ಎಂಬ ಕೊರಳ ಸರವನ್ನು ಹತ್ತಿರದಿಂದ ನೋಡಿದ್ದೀರಾ? ಚಿನ್ನದ ಗುಂಡುಗಳು ಒಳಗೆ ಟೊಳ್ಳು. ತೆಳ್ಳನೆಯ ತಗಡಿನ ಗುಂಡಿನೊಳಗೆ ಅರಗು ತುಂಬಿ, ದಾರದಲ್ಲಿ ಪೋಣಿಸಿರುತ್ತಾರೆ. ಚಿನ್ನ ಕಡಿಮೆ, ತುಂಬು ಹೆಚ್ಚು. ಅರಗು ಒಳಗಿನಿಂದ ಒತ್ತಿ ಹಿಡಿಯುವುದರಿಂದ ತಗಡು ಸುಲಭವಾಗಿ ಜಜ್ಜುವುದಿಲ್ಲ. ದಾರ ಸವೆದರೆ ಅಕ್ಕಸಾಲಿಯ ಹತ್ತಿರ ಕೊಟ್ಟರೆ ಮತ್ತೆ ಪೋಣಿಸಿ ಕೊಡುತ್ತಾನೆ. ಅಜ್ಜಿಯಿಂದ ಮೊಮ್ಮಗಳಿಗೆ ಬರುವಷ್ಟರಲ್ಲಿ ದಾರ ಹಲವು ಸಲ ಬದಲಾಗಿರುತ್ತದೆ, ಗುಂಡುಗಳು ಅವೇ. ನನ್ನ ಮೊಬೈಲನ್ನು ಅಂಗಡಿಗೆ ಒಯ್ದರೆ ಆ ಹುಡುಗ ಪಾಪ, ‘ಇದನ್ನು ಬಿಚ್ಚಲು ಬರುವುದಿಲ್ಲ ಸರ್, ಹೊಸದು ತೆಗೆದುಕೊಳ್ಳಿ’ 
ಎನ್ನುತ್ತಾನೆ. ಬಿಚ್ಚಲು ಬಾರದಂತೆ ಮಾಡಿದವನ ಮನೆ ಎಲ್ಲಿದೆ ಎಂದು ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಕೆಲವು ವಸ್ತುಗಳನ್ನು ಮಾಡಿ ಮುಗಿಸುವವರು ಮಾಡಿದವರಲ್ಲ, ಬಳಸುವವರು. ಹಳೆಯ ಐನ್‌ಮನೆಗಳ ಕೈಯಾಲೆ ಎಂಬ ಜಗುಲಿಯಲ್ಲಿ ಕಂಬದಿಂದ ಕಂಬಕ್ಕೆ ಹಾಕಿದ ಐಮರ ಇದೆಯಲ್ಲ, ಆ ಅಗಲದ ಹಲಗೆ. ಬಡಗಿ ಅದನ್ನು ಬಾಚಿಯಲ್ಲಿ ಕೆತ್ತಿ, ಉಜ್ಜಿ ಕೊಟ್ಟ. ಆಮೇಲೆ ನೂರು ವರ್ಷ ಜನ ಅದರ ಮೇಲೆ ಕೂತರು, ಎಲೆ ಅಡಿಕೆ ಹಾಕಿದರು, ಜಗಳ ಬಗೆಹರಿಸಿದರು, ಮದುವೆ ಕುದುರಿಸಿದರು. ಈಗ ಅದರ ಮೇಲೆ ಕೈಯಾಡಿಸಿದರೆ ಸಿಗುವ ನುಣುಪು ಯಾವ ಪಾಲಿಷಿನಲ್ಲೂ ಬರುವುದಿಲ್ಲ.

ಮಣ್ಣಿಗೆ ಅಂಟಿಕೊಂಡಿದ್ದರೆ ಮಾತ್ರ ಕೈಕೆಲಸ ಬದುಕುತ್ತದೆಯೇ? ನಾನು ಹಾಗೆಂದುಕೊಂಡಿದ್ದರೆ ಕುಶಾಲನಗರದ ಸೇತುವೆ ದಾಟಿ ಬೈಲುಕುಪ್ಪೆಗೆ ಹೋಗಿ ನೋಡಬೇಕಿತ್ತು. ಜಿಲ್ಲೆ ಮೈಸೂರಾದರೂ ಸಂತೆ ನಮ್ಮದೇ. 1960ರ ದಶಕದ ಆರಂಭದಲ್ಲಿ ಅಲ್ಲಿ ನೆಲೆಗೊಂಡ ಟಿಬೆಟ್ ನಿರಾಶ್ರಿತರು ಮನೆ, ಮಠ, ಜಾನುವಾರು ಎಲ್ಲ ಬಿಟ್ಟು ಬಂದಿದ್ದರು, ಜಮಖಾನೆ ನೇಯುವ ವಿದ್ಯೆ ಮಾತ್ರ ಬೆರಳಿನಲ್ಲಿ ಉಳಿದಿತ್ತು. ಅವರ ನೇಯ್ಗೆಯ ರೀತಿ ಬೇರೆಡೆಯದಕ್ಕಿಂತ ಭಿನ್ನ. ಬಿಗಿದ ಹಾಸು ನೂಲುಗಳ ಮುಂದೆ ಒಂದು ಸಲಾಕೆಯನ್ನು ಅಡ್ಡಲಾಗಿ ಹಿಡಿದು, ಉಣ್ಣೆಯ ಎಳೆಯನ್ನು ನೂಲಿಗೂ ಸಲಾಕೆಗೂ ಸುತ್ತುತ್ತಾ ಹೋಗುತ್ತಾರೆ. ಒಂದು ಸಾಲು ತುಂಬಿದ ಮೇಲೆ ಸಲಾಕೆಯ ಉದ್ದಕ್ಕೂ ಚಾಕು ಓಡಿಸಿ ಕುಣಿಕೆಗಳನ್ನು ಕತ್ತರಿಸುತ್ತಾರೆ, ಸಲಾಕೆ ಕಳಚಿಕೊಳ್ಳುತ್ತದೆ, ಉಣ್ಣೆಯ ಜುಂಗು ಎದ್ದು ನಿಲ್ಲುತ್ತದೆ. ಸಲಾಕೆ ಎಷ್ಟು ದಪ್ಪವೋ ಜುಂಗು ಅಷ್ಟು ಉದ್ದ. ಮೂರಡಿ ಅಗಲ, ಆರಡಿ ಉದ್ದದ ಜಮಖಾನೆ ಅವರ ನಾಡಿನ ಹಾಸಿಗೆಯ ಅಳತೆ. ಹಿಮದ ನಾಡಿನ ಆ ಹಾಸು ನಮ್ಮ ಜೋಳದ ಹೊಲಗಳ ನಡುವೆ ನೇಯಲ್ಪಟ್ಟು ದೂರದೂರಿಗೆ ಹೋಗುತ್ತದೆ. ಅಂದರೆ ಕೈಕೆಲಸಕ್ಕೆ ಊರು ತಪ್ಪಿದರೂ ನಡೆಯುತ್ತದೆ, ಕಲಿಸುವವರು ತಪ್ಪಿದರೆ ನಡೆಯುವುದಿಲ್ಲ.

ಸರ್ಕಾರ ಏನು ಮಾಡಿದೆ ಎಂದು ಕೇಳುತ್ತೀರಿ, ಚುಟುಕಾಗಿ ಹೇಳಿಬಿಡುತ್ತೇನೆ. ನಮ್ಮ ಪಕ್ಕದ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರ ಮುಂದಾಳತ್ವದಲ್ಲಿ 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಶುರುವಾಯಿತು, ದೇಶದ ಮೂಲೆಮೂಲೆಯ ಕಸುಬುಗಳು ದಾಖಲಾದವು. 2020ರಲ್ಲಿ ಆ ಮಂಡಳಿಯನ್ನು ರದ್ದು ಮಾಡಿದರು. 2023ರ ಸೆಪ್ಟೆಂಬರಿನಲ್ಲಿ ಪಿಎಂ ವಿಶ್ವಕರ್ಮ ಯೋಜನೆ ಬಂತು. ಅದರ 18 ಕಸುಬುಗಳಲ್ಲಿ ಕಮ್ಮಾರಿಕೆ, ಬಡಗಿತನ, ಬುಟ್ಟಿ ಹೆಣೆಯುವುದು ಎಲ್ಲ ಇವೆ. ಸಲಕರಣೆಗೆ 15,000 ರೂಪಾಯಿ, ಶೇಕಡ 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ಆಮೇಲೆ ಎರಡು ಲಕ್ಷದವರೆಗೆ ಸಾಲ. ಅರ್ಹರಿಗೆ ಅರ್ಜಿ ತುಂಬಿಕೊಟ್ಟರೆ ಅದು ಈ ಉಪನ್ಯಾಸಕ್ಕಿಂತ ಹೆಚ್ಚಿನ ಉಪಕಾರ. ಆದರೆ ಸಾಲದಿಂದ ಗಿರಾಕಿ ಹುಟ್ಟುವುದಿಲ್ಲ.

ಇನ್ನು ನೀವು ಕೇಳಿ, ನಾನು ನೀರು ಕುಡಿಯುತ್ತೇನೆ.

ವಿದ್ಯಾರ್ಥಿನಿಯೊಬ್ಬರು ಕೇಳಿದರು: ಆನ್‌ಲೈನಿನಲ್ಲಿ ಮಾರಿದರೆ ಮಾಡಿದವರ ಮುಖ ಕಾಣುವುದಿಲ್ಲ. ನೀವು ಹೇಳಿದ ಹೊಣೆ ಅಲ್ಲಿ ಹೇಗೆ ಉಳಿಯುತ್ತದೆ?

ಒಳ್ಳೆಯ ಪ್ರಶ್ನೆ. ಮುಖ ಕಾಣಬೇಕೆಂದಿಲ್ಲಮ್ಮ, ವಿಳಾಸ ಇರಬೇಕು. ಬುಟ್ಟಿಯ ಅಡಿಯಲ್ಲಿ ಹೆಣೆದವರ ಹೆಸರು, ಊರು ಇರಲಿ, ಅವರು ಒಪ್ಪಿದರೆ ಮಾತ್ರ. ಮುರಿದರೆ ಯಾರಿಗೆ ಕಳಿಸಬೇಕು ಎಂದು ಬರೆದಿರಲಿ. ಮಾರುವವರ ದೊಡ್ಡ ಹೆಸರಿನ ಕೆಳಗೆ ‘ನಮ್ಮ ಕುಶಲಕರ್ಮಿಗಳು’ ಎಂದು ಒಟ್ಟಿಗೆ ಸೇರಿಸಿ ನಗುಮುಖದ ಚಿತ್ರ ಹಾಕಿದರೆ ಅದು ನಮ್ಮ ಪೇಟೆಯ ಹೋಂ ಮೇಡ್ ಫಲಕಕ್ಕಿಂತ ಹೆಚ್ಚೇನಲ್ಲ.

ಹಿರಿಯರೊಬ್ಬರು ಹೇಳಿದರು: ನಮ್ಮ ಮಕ್ಕಳು ಇದನ್ನೆಲ್ಲ ಕಲಿಯುವುದಿಲ್ಲ, ಅವರಿಗೆ ಪುರುಸೊತ್ತಿಲ್ಲ.

ಎಲ್ಲರೂ ಕಲಿಯಬೇಕಾಗಿಲ್ಲ. ಒಂದನ್ನಾದರೂ ಸ್ವಂತ ಕೈಯಲ್ಲಿ ಮಾಡಿ ನೋಡಿದವರಿಗೆ ಬೆಲೆಯ ಅಂದಾಜು ಸಿಗುತ್ತದೆ, ಅಷ್ಟು ಸಾಕು. 2012ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಹೊಸಬರಿಂದ ಕಾಗದದ ಕೊಕ್ಕರೆ, ಕಪ್ಪೆ ಮಡಿಸಿದರು. ಮಡಿಸಿದವರು ತಮ್ಮದಕ್ಕೆ ಪಳಗಿದವರ ಕೆಲಸದ ಹತ್ತಿರದ ಬೆಲೆ ಕಟ್ಟಿದರು, ಪಕ್ಕದಲ್ಲಿದ್ದವರಿಗೆ ಅದು ಮುದುರಿದ ಕಾಗದವಾಗಿ ಕಂಡಿತು. ಮಕ್ಕಳು ಕೈಯಲ್ಲಿ ಮಾಡಿದ್ದನ್ನು ನಾವು ಹೊಗಳುವಾಗ ಇದನ್ನು ನೆನಪಿಟ್ಟುಕೊಂಡು ಹೊಗಳೋಣ.

ಹೋಂಸ್ಟೇ ನಡೆಸುವ ಮಹಿಳೆಯೊಬ್ಬರು ಕೇಳಿದರು: ಕೋಣೆಗಳಿಗೆಲ್ಲ ಬಿದಿರಿನ ದೀಪದ ಬುಟ್ಟಿ, ಹಣ್ಣಿನ ಬುಟ್ಟಿ ಮಾಡಿಸಬೇಕೆಂದಿದ್ದೇನೆ. ಏನು ನೋಡಿಕೊಳ್ಳಬೇಕು?

ಮೊದಲನೆಯದಾಗಿ, ಈಗ ಮಾಡಿಸಬೇಡಿ. ಮಳೆಗಾಲದಲ್ಲಿ ಬಿದಿರು ಒಣಗುವುದಿಲ್ಲ, ಹೆಣೆದದ್ದಕ್ಕೆ ಬೂಷ್ಟು ಬರುತ್ತದೆ, ಆಮೇಲೆ ಹೆಣೆದವರನ್ನು ದೂರುತ್ತೀರಿ. ಸುಗ್ಗಿಯ ಹಬ್ಬ ಪುತ್ತರಿ ಕಳೆಯಲಿ, ಬಿಸಿಲು ಬಲಿಯಲಿ. ಮೊಬೈಲಿನಲ್ಲಿ ಚಿತ್ರ ತೋರಿಸಿ ‘ಇದೇ ಥರ ಬೇಕು’ ಎನ್ನಬೇಡಿ. ಬಲ್ಬು ಎಷ್ಟು ಬಿಸಿಯಾಗುತ್ತದೆ, ಎಲ್ಲಿ ತೂಗುಹಾಕುತ್ತೀರಿ, ಎಷ್ಟು ಎತ್ತರಕ್ಕೆ ಎಂದು ಹೇಳಿ, ಅವರೇ ಒಂದು ಮಾಡಿ ತೋರಿಸುತ್ತಾರೆ. ಆ ಒಂದಕ್ಕೂ ಹಣ ಕೊಡಿ, ಇಷ್ಟವಾಗದಿದ್ದರೂ. ಉಳಿದದ್ದಕ್ಕೆ ಅರ್ಧ ಮುಂಗಡ ಕೊಡಿ, ಬಿದಿರು ಕೊಳ್ಳಬೇಕಲ್ಲ. ಮತ್ತೆ, ಅವರು ಬುಟ್ಟಿ ತಂದ ದಿನ ಮನೆಯೊಳಗೆ ಕರೆದು ಕಾಫಿ ಕೊಡಿ.